ಸೋರುವ ಪೈಪಿಗೆ ಟೇಪು ಮದ್ದಲ್ಲ

ಸಂಜೆ ವಿಜಯಪುರದಿಂದ ಟಿಕೋಟಾ ಕಡೆ ಹೊರಟ ಕಾರಿಗೆ ಸೂರ್ಯ ನೇರ ಎದುರಿಗೇ ಇಳಿಯುತ್ತಾನೆ. ಎರೆಮಣ್ಣಿನ ಧೂಳು ಕೂತ ಗಾಜಿಗೆ ಆ ಬೆಳಕು ಬಿದ್ದರೆ ಮುಂದಿನ ಕಬ್ಬಿನ ಟ್ರ್ಯಾಕ್ಟರ್ ಕೂಡ ಕಾಣುವುದಿಲ್ಲ. ಆಗ ನೀರು ಚಿಮ್ಮದಿದ್ದರೆ ಒಣ ವೈಪರ್ ಧೂಳನ್ನು ಗಾಜಿಗೆ ಬಳಿಯುತ್ತದೆ, ಗೀರು ಹಾಕುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವೈಪರನ್ನು ಕಡ್ಡಾಯ ಮಾಡಿವೆ. ಮಳೆ ಕಡಿಮೆಯಿರುವ ಈ ನಾಡಿನಲ್ಲಿ ವರ್ಷದ ಬಹುಪಾಲು ದಿನ ಆ ವೈಪರಿಗೆ ನೀರು ಒದಗಿಸುವುದು ಬಾನೆಟ್ಟಿನೊಳಗಿನ ಕಿರುಬೆರಳಿಗಿಂತ ಸಣ್ಣ ಪೈಪು. ಅದು ಸೋರಿದರೆ ಪೈಪನ್ನಷ್ಟೇ ದೂರುತ್ತೇವೆ. ಅದರೊಳಗೆ ಹರಿಯುವ ನೀರನ್ನು ಯಾರೂ ವಿಚಾರಿಸುವುದಿಲ್ಲ.

ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ ಎಂಜಿನ್ ಕಾವೂ ಸೇರಿ ಪೈಪಿನ ತುದಿಗಳು ಗಡುಸಾಗಿ ಸೀಳುತ್ತವೆ, ನಿಜ. ಆದರೆ ಡೋಣಿ ನದಿ ದಂಡೆಯ ಸವಳು ಇಡೀ ಜಿಲ್ಲೆಗೆ ಗೊತ್ತಿರುವಂಥದ್ದು. ಕೊಳವೆಬಾವಿಯ ಗಡಸು ನೀರನ್ನೇ ವೈಪರಿನ ನೀರಿನ ಡಬ್ಬಿಗೆ ತುಂಬಿದರೆ ಅದರ ಲವಣ ಗಾಜಿಗೆ ನೀರು ಚಿಮ್ಮುವ ನಾಜಲ್ಲಿನ ಸೂಜಿರಂಧ್ರದಲ್ಲಿ ಕಟ್ಟಿಕೊಳ್ಳುತ್ತದೆ. ಮೋಟಾರು ತಳ್ಳಿದ ನೀರಿಗೆ ಹೊರದಾರಿ ಸಿಗದೆ ಒತ್ತಡವೆಲ್ಲ ಜೋಡಣೆಗಳ ಮೇಲೆ ಬೀಳುತ್ತದೆ, ಸಡಿಲವಾದ ತುದಿ ಕಳಚಿಕೊಳ್ಳುತ್ತದೆ. ಆದಿಲಶಾಹಿ ಕಾಲದಲ್ಲಿ ತೊರವಿಯಿಂದಲೂ ಬೇಗಂ ತಲಾಬಿನಿಂದಲೂ ನಗರಕ್ಕೆ ನೀರು ತಂದವರು ದಾರಿಯುದ್ದಕ್ಕೂ ಗಂಜ್ ಗೋಪುರ ಕಟ್ಟಿದ್ದು ಕೊಳವೆಯ ಒತ್ತಡ ಇಳಿಸಲು, ಹೂಳು ತಳಕ್ಕೆ ಕೂರಿಸಲು. ಕಾರಿನ ಪೈಪಿಗೂ ಅದೇ ಲೆಕ್ಕ. ನಾಜಲ್ಲಿನ ಕಟ್ಟು ಬಿಡಿಸದೆ ಪೈಪು ಬದಲಿಸಿದರೆ ಹೊಸದೂ ಕಳಚೀತು. ಆಮೇಲೆ ಡಬ್ಬಿಗೆ ಶುದ್ಧೀಕರಿಸಿದ ನೀರನ್ನೇ ತುಂಬಬೇಕು.

ಸೋರಿಕೆ ಎಲ್ಲಿದೆಯೆಂದು ಪತ್ತೆಹಚ್ಚುವುದು ಕಷ್ಟವಲ್ಲ. ಡಬ್ಬಿ ತುಂಬಿಸಿ, ಗಾಡಿಯನ್ನು ಒಣ ನೆಲದ ಮೇಲೆ ನಿಲ್ಲಿಸಿ. ಸ್ವಿಚ್ ಒತ್ತದೆಯೂ ತೊಟ್ಟಿಕ್ಕಿದರೆ ಡಬ್ಬಿ ಸೀಳಿರಬೇಕು, ಇಲ್ಲವೇ ಮೋಟಾರು ಕೂರುವ ರಬ್ಬರ್ ಹೋಗಿರಬೇಕು. ಒತ್ತಿದಾಗ ಮಾತ್ರ ಸೋರಿದರೆ ಪೈಪು, ಟಿ-ಜಾಯಿಂಟ್ ಅಥವಾ ಬಾನೆಟ್ ತೆರೆದಾಗಲೆಲ್ಲ ಮಡಚುವ ಕೀಲಿನ ಜಾಗ. ತುದಿ ಸೀಳಿದ್ದರೆ ಅಷ್ಟನ್ನು ಕತ್ತರಿಸಿ, ಪೈಪನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಮತ್ತೆ ತೂರಿಸಬಹುದು. ನಡುವೆ ಒಡೆದಿದ್ದರೆ, ಇಲಿ ಕಡಿದಿದ್ದರೆ, ಆ ತುಂಡು ತೆಗೆದು ಅಳತೆಗೆ ಸರಿಹೊಂದುವ ಪ್ಲಾಸ್ಟಿಕ್ ಜಾಯಿಂಟ್ ಹಾಕಬೇಕು. ತೇವದ ಪೈಪಿಗೆ ಸುತ್ತಿದ ಟೇಪು ಒತ್ತಡಕ್ಕೆ ನಿಲ್ಲುವುದಿಲ್ಲ.

ಬಾಟಲಿ ನೀರು ಸುರಿದು ಒರೆಸಿದರೆ ಸಾಲದೇ ಎನ್ನುವವರಿದ್ದಾರೆ. ನಿಂತ ಗಾಡಿಗೆ ಸಾಕು. ಎದುರಿನ ಲಾರಿ ಧೂಳೆಬ್ಬಿಸಿ ಹೋದ ಕ್ಷಣಕ್ಕೆ ಆ ಬಾಟಲಿ ಒದಗುವುದಿಲ್ಲ. ಪೂರ್ತಿ ಹೊಸ ಸೆಟ್ಟೇ ಹಾಕಿಸುವುದು ಒಳ್ಳೆಯದೆಂಬ ಮಾತು, ಪೈಪು ಉದ್ದಕ್ಕೂ ಗಡುಸಾಗಿದ್ದರೆ ಒಪ್ಪತಕ್ಕದ್ದೇ. ಒಂದು ತುದಿ ಮಾತ್ರ ಕೆಟ್ಟಿದ್ದರೆ ಅದು ದುಂದು. ಕುಡಿಯುವ ನೀರಿಗೇ ಪರದಾಡುವ ಊರಲ್ಲಿ ಶುದ್ಧೀಕರಿಸಿದ ನೀರನ್ನು ಗಾಜಿಗೆ ಸುರಿಯುವುದೇ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಸೋರುವ ಡಬ್ಬಿಗೆ ಮತ್ತೆ ಮತ್ತೆ ತುಂಬುವ ನೀರಿಗಿಂತ, ಸೋರದ ಡಬ್ಬಿಗೆ ಒಮ್ಮೆ ತುಂಬುವ ನೀರು ಕಡಿಮೆಯೇ. ಬೇಸಿಗೆ ಬಲಿಯುವ ಮುನ್ನ ಒಮ್ಮೆ ಬಾನೆಟ್ ಎತ್ತಿ ನೋಡಿ. ದುರಸ್ತಿ ಆಗುವವರೆಗೆ ಖಾಲಿ ಡಬ್ಬಿಯ ಸ್ವಿಚ್ ಒತ್ತಬೇಡಿ, ಮೋಟಾರೂ ಸುಟ್ಟೀತು.