ಗಡಿ ದಾಟಿದವರ ನೆನಪು

ಒಂದೇ ನುಡಿಯಾಡುವ ಜನರ ನಡುವೆಯೂ ಒಂದು ಪರದೇಶವಿತ್ತೆಂದರೆ ಇಂದಿನ ಮಕ್ಕಳು ನಂಬಲಾರರು. ಯಾದಗಿರಿ, ಶಹಾಪುರ, ಸುರಪುರಗಳ ನಮ್ಮ ಹಿರಿಯರು ಅದನ್ನು ಕಂಡುಂಡವರು. 1947ರ ಆಗಸ್ಟ್ 15ರಂದು ದೇಶವು ಸ್ವತಂತ್ರವಾದಾಗ ಈ ತಾಲೂಕುಗಳು ಗುಲಬರ್ಗಾ ಜಿಲ್ಲೆಯೊಡನೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿಯೇ ಉಳಿದವು. ಸುರಪುರ ಸೀಮೆಯ ಪಡುವಲಿಗೆ ಹೊರಟರೆ ತಾಳಿಕೋಟೆ. ಅದು ಮುಂಬಯಿ ಪ್ರಾಂತ, ಅಂದರೆ ಸ್ವತಂತ್ರ ಭಾರತ. ಇತ್ತ ಹಾಲಿ ಸಿಕ್ಕಾ, ಅತ್ತ ಕಲದಾರ ರೂಪಾಯಿ. ಇತ್ತ ಕಚೇರಿಯಲ್ಲಿ ಉರ್ದು, ಅತ್ತ ಕನ್ನಡದ ಶಾಲೆ.

ಕಾಸಿಂ ರಜವಿಯ ರಜಾಕಾರರ ಹಾವಳಿ ಹೆಚ್ಚಿದಂತೆ ಸಂಸ್ಥಾನದ ಅನೇಕ ಕುಟುಂಬಗಳು ಹೊಲಮನೆಗಳನ್ನು ಬಿಟ್ಟು ಗಡಿಯನ್ನು ದಾಟಿದವು. ಹೋರಾಟಗಾರರು ಗಡಿಯುದ್ದಕ್ಕೂ ಶಿಬಿರಗಳನ್ನು ಕಟ್ಟಿದರು. ಮುಂಡರಗಿಯ ಶಿಬಿರವನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುನ್ನಡೆಸಿದರು. ಆಶ್ರಯವಿತ್ತ ಆಚೆಯ ಜನರ ಉಪಕಾರವನ್ನು ನಾವು ಮರೆಯಲಾಗದು. ಆದರೂ ಅಲ್ಲಿ ನಮ್ಮವರಿಗೆ ಅಂಟಿದ ಹೆಸರು ‘ಮೊಗಲಾಯಿಯವರು’. ನಮ್ಮ ಸೀಮೆಗೆ ರೂಢಿಯಲ್ಲಿದ್ದ ಆ ಹೆಸರೇ, ಹೇಳುವವರ ದನಿಯಂತೆ, ಹೀನಾಯದ ಮಾತೂ ಆಗುತ್ತಿತ್ತು. ಉರ್ದು ಬೆರೆತ ಮಾತು ನಗೆಗೀಡಾಗುತ್ತಿತ್ತು.

1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆಯಿಂದ 17ರಂದು ನಿಜಾಮನು ಶರಣಾದನು. ಊರು ಬಿಟ್ಟವರು ಊರಿಗೆ ಮರಳಿದರು. ಇಲ್ಲಿಗೆ ಕಥೆಯನ್ನು ಮುಗಿಸುವುದು ನಮ್ಮ ರೂಢಿ. ಆದರೆ ಸತ್ಯವು ಮುಂದೆಯೂ ಇದೆ. ರಜಾಕಾರರ ಪಾಪಕ್ಕೆ, ಅವರೊಡನೆ ಯಾವ ಸಂಬಂಧವೂ ಇಲ್ಲದ ಮುಸಲ್ಮಾನ ನೆರೆಹೊರೆಯವರು ಬೆಲೆ ತೆತ್ತರು. ಕೇಂದ್ರ ಸರಕಾರವು ಕಳುಹಿದ ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲಿ ಸತ್ತವರನ್ನು 27 ಸಾವಿರದಿಂದ 40 ಸಾವಿರವೆಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ ಒಂದು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಗಡಿಯಾಚೆ ಹೆಸರಿಟ್ಟು ಅಳೆಸಿಕೊಂಡ ನೋವನ್ನು ಬಲ್ಲ ನಾಡಿನಲ್ಲಿಯೇ ಮತ್ತೊಬ್ಬರನ್ನು ಹೆಸರಿನಿಂದಲೇ ಅಳೆದದ್ದು ವಿಷಾದದ ಸಂಗತಿ.

1956ರ ನವೆಂಬರ್ 1ರಂದು ನಾಡು ಒಂದಾಯಿತು. ಆದರೆ ‘ಹಿಂದುಳಿದವರು’ ಎಂಬ ಹೊಸ ಹೆಸರು ನಮ್ಮ ಸೀಮೆಗೆ ಅಂಟಿತು. ವಿಶೇಷ ಸವಲತ್ತಿನ 371(ಜೆ) ವಿಧಿಗಾಗಿ 2012ರ ವರೆಗೆ ಕಾಯಬೇಕಾಯಿತು. ಇಂದಿಗೂ ನಮ್ಮ ಹಳ್ಳಿಗಳಿಂದ ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋದವರ ಮಾತಿನ ಧಾಟಿಗೆ ನಗುವವರಿದ್ದಾರೆ.

ರಾಜಕೀಯದ ಕ್ಷೋಭೆಯಿಂದ ಊರು ತೊರೆಯುವುದು ನಮ್ಮ ಪರಂಪರೆಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರು ಕಲ್ಯಾಣವನ್ನು ಬಿಟ್ಟು ಉಳವಿಯ ಕಾಡು ಸೇರಿದರು. ಅವರನ್ನು ಸ್ಮರಿಸುವ ನಮಗೆ, ಬಾಗಿಲಿಗೆ ಬಂದವರ ಕುಲ ಊರುಗಳನ್ನು ಕೇಳುವ ಅಧಿಕಾರವೆಲ್ಲಿಯದು?

ಸಮಾಜ ಬಾಂಧವರಲ್ಲಿ ನಮ್ಮದೊಂದು ವಿನಂತಿ. 1948ನ್ನು ಕಣ್ಣಾರೆ ಕಂಡ ಹಿರಿಯರು ಮನೆಯಲ್ಲಿದ್ದರೆ ಅವರ ಬಳಿ ಮಕ್ಕಳನ್ನು ಕೂಡಿಸಿರಿ, ಕೇಳಿದ್ದನ್ನು ಬರೆದಿಡಿರಿ. ನಾವು ಪಟ್ಟ ನೋವಿನ ಜೊತೆಗೆ ನಮ್ಮ ಊರಿನವರು ಕೊಟ್ಟ ನೋವನ್ನೂ ಬರೆಯಿರಿ. ಆಗಲೇ ಆ ನೆನಪು ಮಕ್ಕಳಿಗೆ ಬುತ್ತಿಯಾದೀತು.