ಎಂಟನೇ ನರದ ಗಡ್ಡೆ

ಆಪರೇಷನ್ ಥಿಯೇಟರಿನಲ್ಲಿ ದೀಪಗಳು ಮಂದ. ಮಲಗಿದವರ ಬಲಗಿವಿಯ ಹಿಂದೆ ಮೂಳೆಯಲ್ಲಿ ಪುಟ್ಟದೊಂದು ಕಿಂಡಿ ತೆರೆದಿದೆ. ಮೈಕ್ರೋಸ್ಕೋಪಿನ ಬೆಳಕು ಅದರೊಳಕ್ಕೆ ಇಳಿದಿದೆ. ಗೋಡೆಯ ಪರದೆಯ ಮೇಲೆ ಕಿರುಮೆದುಳು ಒದ್ದೆಯಾಗಿ ಹೊಳೆಯುತ್ತ, ನಾಡಿ ಮಿಡಿದಂತೆಲ್ಲ ಸಣ್ಣಗೆ ಏರಿಳಿಯುತ್ತಿದೆ. ಅದರ ಮಗ್ಗುಲಲ್ಲಿ, ಮೆದುಳಿನ ಕಾಂಡಕ್ಕೆ ಒತ್ತಿಕೊಂಡು, ಹಳದಿ ಛಾಯೆಯ ನುಣುಪಾದ ಒಂದು ಉಂಡೆ.

ಇದು ಕ್ಯಾನ್ಸರ್ ಅಲ್ಲ. ನರಗಳಿಗೆ ಹೊದಿಕೆಯಾಗುವ ಶ್ವಾನ್ ಕೋಶಗಳು ಮಿತಿಮೀರಿ ಬೆಳೆದು ಆದ ಗಡ್ಡೆ, ಶ್ವಾನೋಮ. ತಲೆಯ ಹನ್ನೆರಡು ಜೋಡಿ ನರಗಳಲ್ಲಿ ಇದಕ್ಕೆ ಹೆಚ್ಚಾಗಿ ಸಿಕ್ಕಿಬೀಳುವುದು ಎಂಟನೆಯದು. ಹುಟ್ಟುವುದು ಮೈಯ ಸಮತೋಲ ಕಾಯುವ ಎಳೆಯಲ್ಲಿ, ಆದರೆ ಸಾಮಾನ್ಯವಾಗಿ ಮೊದಲು ಸೊರಗುವುದು ಪಕ್ಕದ ಶ್ರವಣದ ಎಳೆ. ಐದನೇ ನರದಲ್ಲಿ ಬೆಳೆದರೆ ಮುಖದ ಒಂದು ಬದಿ ಜೋಮು ಹಿಡಿಯುತ್ತದೆ. ಅದು ಇನ್ನೂ ಅಪರೂಪ.

ಸರ್ಜನ್ ಉಂಡೆಯನ್ನು ಒಳಗಿನಿಂದ ಟೊಳ್ಳು ಮಾಡುತ್ತ ಬರುತ್ತಾರೆ. ಗೋಡೆ ಕುಸಿದ ಮೇಲೆಯೇ ನಿಜವಾದ ಕಷ್ಟ. ನಗಿಸುವ, ಕಣ್ಣು ಮುಚ್ಚಿಸುವ ಏಳನೇ ನರ ಗಡ್ಡೆಯ ಮೈಮೇಲೆ ಹರಡಿಕೊಂಡು ಈರುಳ್ಳಿ ಪೊರೆಯಷ್ಟು ತೆಳುವಾಗಿಬಿಟ್ಟಿದೆ. ಉಪಕರಣ ಅದಕ್ಕೆ ತಾಗಿದರೆ ಮಾನಿಟರ್ ಪಟಪಟನೆ ಸದ್ದು ಮಾಡುತ್ತದೆ. ಕೈ ನಿಲ್ಲುತ್ತದೆ. ನೀರು ಹಾಯಿಸಿ, ಕಾದು, ಮತ್ತೆ ಕೂದಲೆಳೆಯಷ್ಟು ಮುಂದೆ. ಕೊನೆಗೆ ನರಕ್ಕಂಟಿದ ತೆಳುಪದರವೊಂದನ್ನು ಹಾಗೆಯೇ ಬಿಡುವುದೂ ಉಂಟು. ನನ್ನ ಮಟ್ಟಿಗೆ ಅದು ಸೋಲಲ್ಲ, ಒಬ್ಬರ ನಗುವನ್ನು ಉಳಿಸಿಕೊಟ್ಟ ವಿವೇಕ.

1917ರಲ್ಲಿ ಮೆದುಳಿನ ಸರ್ಜನ್ ಹಾರ್ವಿ ಕುಶಿಂಗ್ ಈ ಗಡ್ಡೆಗಳ ಮೇಲೆಯೇ ಒಂದು ಗ್ರಂಥ ಬರೆದರು. ಆಗ ರೋಗಿಗಳು ಬರುತ್ತಿದ್ದುದೇ ತಡವಾಗಿ, ಕಣ್ಣು ಮಂಜಾಗುವ ಹೊತ್ತಿಗೆ. ಜೀವ ಉಳಿದರೆ ಅದೇ ದೊಡ್ಡದು. 1969ರಲ್ಲಿ ಸ್ಟಾಕ್‌ಹೋಮ್‌ನ ಲಾರ್ಸ್ ಲೆಕ್ಸೆಲ್ ಬುರುಡೆ ತೆರೆಯದೆ ಗಾಮಾ ಕಿರಣಗಳಿಂದಲೇ ಇದಕ್ಕೆ ಚಿಕಿತ್ಸೆ ಕೊಟ್ಟರು. ಗಾಮಾ ನೈಫ್ ಎಂಬ ಆ ಚಿಕಿತ್ಸೆ ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಗಡ್ಡೆ ತೀರಾ ಚಿಕ್ಕದಿದ್ದರೆ ಆಗಾಗ ಎಂಆರ್‌ಐ ಮಾಡಿಸಿ ಕಣ್ಣಿಟ್ಟಿದ್ದರೂ ಸಾಕು, ಎಷ್ಟೋ ಗಡ್ಡೆಗಳು ಬೆಳೆಯುವುದೇ ಇಲ್ಲ.

ಆದರೆ ಚಿಕ್ಕದಿದ್ದಾಗಲೇ ಸಿಗಬೇಕಲ್ಲ! ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿಕೊಂಡು, ‘ವಯಸ್ಸಾಯ್ತು ಬಿಡಿ’ ಎಂದು ವರ್ಷಗಟ್ಟಲೆ ಸುಮ್ಮನಿರುವವರು ನಮ್ಮಲ್ಲಿ ಬಹಳ. ವಯಸ್ಸಿನ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗೆ ಬರುತ್ತದೆ. ಒಂದೇ ಕಿವಿ ಮಂದವಾಗುತ್ತಿದ್ದರೆ, ಅದರಲ್ಲೇ ಗುಂಯ್ ಎನ್ನುವ ಸದ್ದು ನಿಲ್ಲದಿದ್ದರೆ, ದಯವಿಟ್ಟು ಕಿವಿಯ ಡಾಕ್ಟರ ಬಳಿ ಹೋಗಿ ಶ್ರವಣ ಪರೀಕ್ಷೆ, ಅಂದರೆ ಆಡಿಯೋಗ್ರಾಂ ಮಾಡಿಸಿ. ಅವರು ಎಂಆರ್‌ಐ ಬರೆದುಕೊಟ್ಟರೆ ಮುಂದೂಡಬೇಡಿ.