ಪಿಯಾ ಬಿನ್ ನಹೀ ಆವತ್ ಚೈನ್ (ಧ್ವನಿಮುದ್ರಿಕೆ)

‘ಪಿಯಾ ಬಿನ್ ನಹೀ ಆವತ್ ಚೈನ್’ ಎಂಬುದು ಕಿರಾಣಾ ಘರಾಣೆಯ ಗಾಯಕ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872–1937) ಅವರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿಯ ಗ್ರಾಮಫೋನ್ ಧ್ವನಿಮುದ್ರಿಕೆ. ಹಿಂದೂಸ್ತಾನಿ ಸಂಗೀತದ ಅತ್ಯಂತ ಪ್ರಭಾವಶಾಲಿ ಮುದ್ರಿಕೆಗಳಲ್ಲಿ ಇದೂ ಒಂದು. ಬಾಲಕ ಭೀಮಸೇನ ಜೋಶಿಯವರನ್ನು ಸಂಗೀತದ ಕಡೆಗೆ ಸೆಳೆದ ಗಾಯನವೆಂದು ಇದು ಕರ್ನಾಟಕದಲ್ಲಿ ವಿಶೇಷವಾಗಿ ಪ್ರಸಿದ್ಧವಾಗಿದೆ.

ಹಿನ್ನೆಲೆ

ಅಬ್ದುಲ್ ಕರೀಂ ಖಾನರು ಇಂದಿನ ಉತ್ತರ ಪ್ರದೇಶದ ಕೈರಾನಾ ಎಂಬ ಊರಿನವರು. ಮೈಸೂರು ಅರಮನೆಯಲ್ಲಿ ಹಾಡಲು ಅವರು ಅನೇಕ ಬಾರಿ ದಕ್ಷಿಣಕ್ಕೆ ಬರುತ್ತಿದ್ದರು. ಈ ಪ್ರಯಾಣಗಳಿಂದಾಗಿ ಧಾರವಾಡ ಸೀಮೆಯೊಂದಿಗೆ ಅವರ ನಂಟು ಬೆಳೆಯಿತು. ಅಂದು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದ ನಾಡಿಗೇರ ವಾಡೆ ಅವರಿಗೆ ಆಶ್ರಯ ನೀಡಿತು. ಇದೇ ಊರಿನ ರಾಮಭಾವು ಕುಂದಗೋಳಕರ (1886–1952) ಅವರ ಶಿಷ್ಯರಾಗಿ, ಮುಂದೆ ‘ಸವಾಯಿ ಗಂಧರ್ವ’ ಎಂದು ಹೆಸರಾದರು.

ಮುದ್ರಿಕೆಯ ಸ್ವರೂಪ

ಅಂದಿನ ಮುದ್ರಿಕೆಗಳನ್ನು ಅರಗು ಬೆರೆಸಿದ ಮಿಶ್ರಣದಿಂದ ತಯಾರಿಸುತ್ತಿದ್ದರು. ಅವು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷಗಳ ಸಂಗೀತವಷ್ಟೇ ಹಿಡಿಯುತ್ತಿತ್ತು. ಕಚೇರಿಯಲ್ಲಿ ಗಂಟೆಗಟ್ಟಲೆ ಹಾಡುವ ಗಾಯಕರು ರಾಗದ ಸಾರವನ್ನು ಇಷ್ಟರೊಳಗೇ ತೋರಿಸಬೇಕಾಗಿತ್ತು. ಕೈಯಿಂದ ಕೀಲಿ ಕೊಡುವ ಯಂತ್ರಕ್ಕೆ ವಿದ್ಯುತ್ತಿನ ಅಗತ್ಯವಿಲ್ಲದ ಕಾರಣ, ಸಣ್ಣ ಊರುಗಳ ಅಂಗಡಿ ಮತ್ತು ಮನೆಗಳಿಗೂ ಈ ಸಂಗೀತ ತಲುಪಿತು.

ಗಾಯನದ ವೈಶಿಷ್ಟ್ಯ

ಝಿಂಝೋಟಿಯು ಖಮಾಜ್ ಥಾಟಿನ ರಾಗ. ಇದರ ಸಂಚಾರ ಹೆಚ್ಚಾಗಿ ಮಂದ್ರ ಮತ್ತು ಮಧ್ಯ ಸಪ್ತಕಗಳಲ್ಲಿ ನಡೆಯುತ್ತದೆ. ಠುಮ್ರಿಯ ವಸ್ತು ಪ್ರಿಯನ ಅಗಲಿಕೆಯ ವೇದನೆ. ಲಯದ ಚಮತ್ಕಾರಕ್ಕಿಂತ ಸ್ವರದ ಶುದ್ಧಿಗೆ, ಒಂದೊಂದು ಸ್ವರದ ಮೇಲೂ ನಿಂತು ಅದನ್ನು ಅರಳಿಸುವುದಕ್ಕೆ ಪ್ರಾಧಾನ್ಯ ನೀಡುವುದು ಕಿರಾಣಾ ಪದ್ಧತಿ. ಖಾನರ ತೆಳುವಾದ, ಏರುಶ್ರುತಿಯ, ಕರುಣಾರಸ ತುಂಬಿದ ಕಂಠವು ತಂಬೂರಿಯ ನಾದದಲ್ಲಿ ಬೆರೆತುಹೋಗುತ್ತದೆ. ಸಾಹಿತ್ಯದ ಅರ್ಥ ತಿಳಿಯದ ಕೇಳುಗರನ್ನೂ ಈ ಹಾಡು ತಟ್ಟಲು ಇದೇ ಕಾರಣ.

ಪ್ರಭಾವ

1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರು ಗದಗದಲ್ಲಿ ಬಾಲ್ಯ ಕಳೆಯುತ್ತಿದ್ದಾಗ ಈ ಗಾಯನವನ್ನು ಮುದ್ರಿಕೆಯಲ್ಲಿ ಕೇಳಿ ಮನಸೋತರು. ತಾವೂ ಹೀಗೆ ಹಾಡಬೇಕೆಂಬ ಹಂಬಲ ಅವರಲ್ಲಿ ಬೇರೂರಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಅವರು ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೊರಟರು. ಗ್ವಾಲಿಯರ್, ಜಲಂಧರ್ ಮುಂತಾದೆಡೆ ಅಲೆದರು. ತಮ್ಮ ಸೀಮೆಯಲ್ಲೇ ಇದ್ದ ಸವಾಯಿ ಗಂಧರ್ವರ ಬಳಿಗೆ ಹೋಗುವಂತೆ ಜಲಂಧರಿನಲ್ಲಿ ವಿನಾಯಕರಾವ್ ಪಟವರ್ಧನರು ಸಲಹೆ ನೀಡಿದರು. 1936ರಲ್ಲಿ ಸವಾಯಿ ಗಂಧರ್ವರು ಅವರನ್ನು ಶಿಷ್ಯನಾಗಿ ಸ್ವೀಕರಿಸಿದರು.

ಮುದ್ರಿಕೆಯ ಶಕ್ತಿ ಮತ್ತು ಮಿತಿ ಎರಡೂ ಈ ಪ್ರಸಂಗದಲ್ಲಿ ಕಾಣುತ್ತವೆ. ಮೂರು ನಿಮಿಷದ ಹಾಡು ಆಸೆಯನ್ನು ಹುಟ್ಟಿಸಬಲ್ಲದು. ಆದರೆ ಶಿಷ್ಯನ ತಪ್ಪನ್ನು ಗುರುತಿಸಿ ತಿದ್ದುವ ಕೆಲಸ ಅದರಿಂದ ಆಗದು. ಅದಕ್ಕಾಗಿ ಕುಂದಗೋಳದ ಗುರುಗೃಹದಲ್ಲಿ ನೀರು ಹೊತ್ತು, ಮನೆಗೆಲಸ ಮಾಡಿ, ವರ್ಷಗಟ್ಟಲೆ ಮಂದ್ರ ಸಾಧನೆ ನಡೆಸಬೇಕಾಯಿತು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿಯುತ್ತಿದ್ದ ಗಂಗೂಬಾಯಿ ಹಾನಗಲ್ಲರೂ ಅದೇ ಗುರುವಿನ ಶಿಷ್ಯೆ.

ಖ್ಯಾತ ನಟ, ಗಾಯಕ ಕೆ. ಎಲ್. ಸೈಗಲ್ ಅವರು ಪಿ. ಸಿ. ಬರುವಾ ನಿರ್ದೇಶಿಸಿದ ಹಿಂದಿ ‘ದೇವದಾಸ್’ ಚಿತ್ರದಲ್ಲಿ ಇದೇ ಠುಮ್ರಿಯನ್ನು ಹಾಡಿದರು. ಇದರಿಂದ ಅದು ಶಾಸ್ತ್ರೀಯ ಸಂಗೀತದ ಕೇಳುಗರಾಚೆಗೂ ಪ್ರಚಾರ ಪಡೆಯಿತು.

ನಂತರದ ಕಾಲ

ಅಬ್ದುಲ್ ಕರೀಂ ಖಾನರು 1937ರ ಅಕ್ಟೋಬರ್‌ನಲ್ಲಿ ಮದರಾಸು ಪ್ರಾಂತದಲ್ಲಿ ಪ್ರಯಾಣಿಸುತ್ತಿದ್ದಾಗ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ನಿಧನರಾದರು. ಅವರ ಸಮಾಧಿ ಮೀರಜ್‌ನಲ್ಲಿದೆ. ಭೀಮಸೇನ ಜೋಶಿಯವರು ಈ ಠುಮ್ರಿಯನ್ನು ಮುಂದೆ ತಾವೂ ಕಚೇರಿಗಳಲ್ಲಿ ಹಾಡಿದರು. ಅವರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಸ್ಮರಣೆಯಲ್ಲಿ ಅಹೋರಾತ್ರಿ ಸಂಗೀತೋತ್ಸವ ನಡೆದುಬಂದಿದ್ದು, ನಾಡಿಗೇರ ವಾಡೆ ಇಂದಿಗೂ ಕಲಾವಿದರಿಗೆ ಪೂಜ್ಯ ಸ್ಥಳವಾಗಿದೆ.